ಹಾಸಿಗೆಗೆ ವಿಮೆಯಿದೆ, ಮಾತ್ರೆಗೆ ಯಾರು ದಿಕ್ಕು?

ವೃದ್ಧಾಪ್ಯದ ಕಾಯಿಲೆಗಳಿಗೆ ಒಂದು ವಿಶಿಷ್ಟ ಸ್ವಭಾವವಿದೆ. ಅವು ಅತಿಥಿಗಳಂತೆ ಬಂದು ಹೋಗುವುದಿಲ್ಲ. ಬಂದ ಮೇಲೆ ಮನೆಯವರಾಗಿಯೇ ಉಳಿದುಬಿಡುತ್ತವೆ. ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಅಸ್ತಮಾ, ಸಂಧಿವಾತ, ಪಾರ್ಕಿನ್ಸನ್ ಮುಂತಾದವುಗಳಲ್ಲಿ ಒಂದಾದರೂ ಇಲ್ಲದ ಹಿರಿಯರು ಇಂದು ವಿರಳ. ಇವುಗಳಿಗೆ ಚಿಕಿತ್ಸೆ ನಡೆಯುವುದು ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಯ ಮೇಲಲ್ಲ, ಬೀದಿ ತಿರುವಿನ ಔಷಧ ಅಂಗಡಿಯ ಮುಂದೆ; ಅದೂ ವರ್ಷಕ್ಕೊಮ್ಮೆಯಲ್ಲ, ಪ್ರತಿ ತಿಂಗಳು. ಆದರೆ ಕಳೆದ ನಾಲ್ಕು ದಶಕಗಳಲ್ಲಿ ನಾವು ಕಟ್ಟಿಕೊಂಡು ಬಂದಿರುವ ಆರೋಗ್ಯ ವಿಮೆಯ ಸೌಧವು ಹಾಸಿಗೆಯನ್ನೇ ಕೇಂದ್ರವಾಗಿಟ್ಟುಕೊಂಡಿದೆ. ಮಾತ್ರೆಯ ಕಡೆಗೆ ಅದು ಗಮನ ಹರಿಸಿದ್ದು ಅತ್ಯಲ್ಪ.

1986ರಲ್ಲಿ ಸಾರ್ವಜನಿಕ ವಲಯದ ವಿಮಾ ಕಂಪನಿಗಳು 'ಮೆಡಿಕ್ಲೈಮ್' ಪಾಲಿಸಿಯನ್ನು ಪರಿಚಯಿಸಿದಾಗ ಅದು ಒಳರೋಗಿಗಳ ಚಿಕಿತ್ಸೆಗೆ ಮೀಸಲಾಗಿತ್ತು. 2003ರಲ್ಲಿ ಜಾರಿಗೆ ಬಂದು ದೇಶದ ಗಮನ ಸೆಳೆದ ನಮ್ಮ 'ಯಶಸ್ವಿನಿ' ಯೋಜನೆ ಸಹಕಾರ ಸಂಘಗಳ ಸದಸ್ಯರಾದ ರೈತರ ಶಸ್ತ್ರಚಿಕಿತ್ಸೆಗೆ ನೆರವಾಯಿತು. 2010ರ 'ವಾಜಪೇಯಿ ಆರೋಗ್ಯಶ್ರೀ', 2018ರ 'ಆರೋಗ್ಯ ಕರ್ನಾಟಕ', ಅದೇ ವರ್ಷ ಕೇಂದ್ರ ಸರ್ಕಾರ ಆರಂಭಿಸಿದ 'ಆಯುಷ್ಮಾನ್ ಭಾರತ್' ಇವೆಲ್ಲವೂ ಮುಖ್ಯವಾಗಿ ಅದೇ ಜಾಡಿನಲ್ಲಿ ನಡೆದವು. 2024ರ ಅಕ್ಟೋಬರ್‌ನಲ್ಲಿ ಕೇಂದ್ರವು 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ರಕ್ಷಣೆಯನ್ನು ಪ್ರಕಟಿಸಿತು. ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಈ ಯೋಜನೆಯ ನಿಯಮದಂತೆ ಔಷಧದ ವೆಚ್ಚ ದೊರೆಯುವುದು ಆಸ್ಪತ್ರೆಗೆ ದಾಖಲಾಗುವ ಮುಂಚಿನ 3 ದಿನ, ದಾಖಲಾಗಿದ್ದ ಅವಧಿ ಹಾಗೂ ಬಿಡುಗಡೆಯಾದ ನಂತರದ 15 ದಿನಗಳಿಗೆ ಮಾತ್ರ. ಹದಿನಾರನೆಯ ದಿನದಿಂದ ಹೃದ್ರೋಗಿಯು ತನ್ನ ಜೇಬನ್ನೇ ನೆಚ್ಚಿಕೊಳ್ಳಬೇಕು. ಹೃದಯಕ್ಕೆ ಅಳವಡಿಸಿದ ಸ್ಟೆಂಟ್ ಒಮ್ಮೆಯ ಖರ್ಚು. ಅದು ಮುಚ್ಚಿಹೋಗದಂತೆ ನುಂಗಬೇಕಾದ ಮಾತ್ರೆಗಳು ವರ್ಷಗಟ್ಟಲೆಯ ಖರ್ಚು.

ಸರಳ ಲೆಕ್ಕವೊಂದನ್ನು ಮಾಡಿ ನೋಡೋಣ. ವೃದ್ಧ ದಂಪತಿಯೊಬ್ಬರ ಔಷಧದ ಖರ್ಚು ತಿಂಗಳಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ನಗರದ ಮಧ್ಯಮವರ್ಗದವರಿಗೆ ಇದು ಉತ್ಪ್ರೇಕ್ಷೆಯೆನಿಸದು. ವರ್ಷಕ್ಕೆ 48,000, ಬೆಲೆ ಏರದಿದ್ದರೂ ಹತ್ತು ವರ್ಷಕ್ಕೆ 4 ಲಕ್ಷ 80 ಸಾವಿರ. ಅಂದರೆ ಸರ್ಕಾರಿ ವಿಮೆಯ ಒಂದು ವರ್ಷದ ಗರಿಷ್ಠ ಮೊತ್ತದಷ್ಟು ಹಣ ಸದ್ದಿಲ್ಲದೆ ಕರಗಿಹೋಗುತ್ತದೆ. ಇದರಲ್ಲಿ ವಿಮೆಯ ಪಾಲು ಸೊನ್ನೆ. ಇನ್ನೊಂದೆಡೆ, ನೌಕರರ ಪಿಂಚಣಿ ಯೋಜನೆಯಡಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಲಾಯಿತು. ಹತ್ತು ವರ್ಷಗಳ ನಂತರ, 2024ರಲ್ಲೂ ಅದು ಅಷ್ಟೇ ಇತ್ತು. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಕಾರ್ಮಿಕನು ಈ ಹಣದಲ್ಲಿ ಅಕ್ಕಿ ತರಬೇಕೋ ಇನ್ಸುಲಿನ್ ತರಬೇಕೋ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ.

ಉತ್ತರವನ್ನು ಹಿರಿಯರು ತಾವೇ ಕಂಡುಕೊಳ್ಳುತ್ತಾರೆ, ಮತ್ತು ಅದು ಅಪಾಯಕಾರಿಯಾದ ಉತ್ತರ. ನಮ್ಮ ಬಡಾವಣೆಯ ಉದ್ಯಾನಕ್ಕೆ ವಾಯುವಿಹಾರಕ್ಕೆಂದು ಬರುವ ನಿವೃತ್ತ ಶಿಕ್ಷಕರೊಬ್ಬರು, ವೈದ್ಯರು ದಿನಕ್ಕೆರಡು ಬಾರಿ ಎಂದು ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ಒಂದಕ್ಕೆ ಇಳಿಸಿಕೊಂಡಿದ್ದರು. ಅವರ ಬಳಿ ಆರೋಗ್ಯ ವಿಮೆಯಿತ್ತು. ಕಂತನ್ನೂ ತಪ್ಪದೆ ಕಟ್ಟುತ್ತಿದ್ದರು. ಇಂತಹವರು ಪಾರ್ಶ್ವವಾಯುವಿಗೆ ತುತ್ತಾದರೆ ವಿಮಾ ಕಂಪನಿ ತೀವ್ರ ನಿಗಾ ಘಟಕದ ಲಕ್ಷಾಂತರ ರೂಪಾಯಿಗಳ ಬಿಲ್ಲನ್ನು ಭರಿಸುತ್ತದೆ. ಆದರೆ ಅದನ್ನು ತಪ್ಪಿಸಬಹುದಾಗಿದ್ದ ಮಾತ್ರೆಗೆ ಬಿಡಿಗಾಸನ್ನೂ ಕೊಡುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದೆಂದರೆ ಇದೇ.

ಹಾಗಾದರೆ ವಿಮಾ ಕಂಪನಿಗಳೇ ಔಷಧದ ವೆಚ್ಚವನ್ನೂ ಭರಿಸಲಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಇಲ್ಲಿ ಒಂದು ಮೂಲಭೂತ ಸಂಗತಿಯನ್ನು ಅರಿಯುವುದು ಅಗತ್ಯ. ವಿಮೆಯೆಂಬುದು ಅನಿಶ್ಚಿತ ಆಪತ್ತಿನ ಹೊರೆಯನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ. ಸಾವಿರ ಮನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದೀತು, ಯಾವುದಕ್ಕೆಂದು ತಿಳಿಯದು, ಆದ್ದರಿಂದ ಎಲ್ಲರೂ ಅಲ್ಪಸ್ವಲ್ಪ ಕಟ್ಟುತ್ತಾರೆ. ಆದರೆ ಎಪ್ಪತ್ತರ ಮಧುಮೇಹಿಗೆ ಬರುವ ತಿಂಗಳೂ ಮಾತ್ರೆ ಬೇಕೆಂಬುದು ಸೂರ್ಯೋದಯದಷ್ಟೇ ನಿಶ್ಚಿತ. ನಿಶ್ಚಿತವಾದ ವೆಚ್ಚಕ್ಕೆ ಖಾಸಗಿ ವಿಮೆ ಮಾಡಿಸಿದರೆ ಆ ವೆಚ್ಚದ ಜೊತೆಗೆ ಕಂಪನಿಯ ಆಡಳಿತ ಖರ್ಚು ಹಾಗೂ ಲಾಭವನ್ನೂ ಕಂತಿನ ರೂಪದಲ್ಲಿ ತೆರಬೇಕಾಗುತ್ತದೆ. ಹೊರರೋಗಿ ವೆಚ್ಚ ಭರಿಸುವ ಪಾಲಿಸಿಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಅವುಗಳ ಕಂತು ದುಬಾರಿ, ಮಿತಿ ಕಿರಿದು ಆಗಿರುವುದಕ್ಕೆ ಕಾರಣ ಇದೇ. ಆದ್ದರಿಂದ ವಿಮೆಯ ಕೊರತೆಯನ್ನು ಇನ್ನಷ್ಟು ವಿಮೆಯಿಂದ ತುಂಬಲಾಗದು. ಬೇಕಾಗಿರುವುದು ಎರಡು: ಔಷಧದ ಬೆಲೆಯನ್ನೇ ಇಳಿಸುವುದು ಮತ್ತು ಅಗತ್ಯ ಔಷಧಗಳನ್ನು ಸರ್ಕಾರವೇ ಒಟ್ಟಾಗಿ ಖರೀದಿಸಿ ಒದಗಿಸುವುದು.

ಈ ಸತ್ಯ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯಡಿ ನಿವೃತ್ತ ನೌಕರರಿಗೆ ದೀರ್ಘಕಾಲಿಕ ಕಾಯಿಲೆಯ ಔಷಧಗಳನ್ನು ಕ್ಷೇಮ ಕೇಂದ್ರಗಳ ಮೂಲಕ ಮೂರು ತಿಂಗಳವರೆಗೆ ಒಟ್ಟಿಗೆ ನೀಡಲು ಅವಕಾಶವಿದೆ. ಮಾಜಿ ಸೈನಿಕರಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಕಾರ್ಮಿಕ ರಾಜ್ಯ ವಿಮಾ ಯೋಜನೆಯಡಿ, ನಿಗದಿತ ಷರತ್ತುಗಳನ್ನು ಪೂರೈಸಿ ನಿವೃತ್ತರಾದ ಕಾರ್ಮಿಕರು ವರ್ಷಕ್ಕೆ ಕೇವಲ 120 ರೂಪಾಯಿ ಕಟ್ಟಿ ತಮಗೂ ಬಾಳಸಂಗಾತಿಗೂ ವೈದ್ಯಕೀಯ ಸೌಲಭ್ಯ ಪಡೆಯಬಹುದು; ಅರ್ಹರಲ್ಲಿ ಎಷ್ಟೋ ಮಂದಿಗೆ ಇದರ ಅರಿವಿಲ್ಲ. ತನ್ನ ನೌಕರರಿಗೆ ಹಾಸಿಗೆಯಷ್ಟೇ ಮಾತ್ರೆಯೂ ಅಗತ್ಯವೆಂದು ಒಪ್ಪಿಕೊಂಡಿರುವ ಪ್ರಭುತ್ವ, ಖಾಸಗಿ ಶಾಲೆಯ ಶಿಕ್ಷಕಿ, ಅಂಗಡಿಯ ಗುಮಾಸ್ತ, ಸಣ್ಣ ರೈತ ಇವರ ವಿಷಯಕ್ಕೆ ಬಂದಾಗ ಬೇರೆ ನ್ಯಾಯವನ್ನು ಅನುಸರಿಸುವುದೇಕೆ? ಸರ್ಕಾರಿ ಸೇವೆಯಿಂದ ನಿವೃತ್ತನಾದ ನನಗೆ ಈ ತಾರತಮ್ಯವನ್ನು ಸಮರ್ಥಿಸುವ ಕಾರಣವೊಂದೂ ಕಾಣುತ್ತಿಲ್ಲ.

ತೆರಿಗೆ ರಿಯಾಯಿತಿಯಲ್ಲಿಯೂ ಇಂತಹುದೇ ಒಂದು ವಿಪರ್ಯಾಸವಿದೆ. 2018ರಿಂದೀಚೆಗೆ, ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ಹಿರಿಯ ನಾಗರಿಕರು 50,000 ರೂಪಾಯಿಗಳವರೆಗಿನ ವೈದ್ಯಕೀಯ ವೆಚ್ಚವನ್ನು ಆದಾಯದಿಂದ ಕಳೆಯಬಹುದೆಂದು ಅವಕಾಶ ನೀಡಲಾಯಿತು. ಆದರೆ ಅವರ ಹೆಸರಿನಲ್ಲಿ ಆರೋಗ್ಯ ವಿಮೆ ಇರಬಾರದೆಂಬುದು ಷರತ್ತು. ಮುನ್ನೆಚ್ಚರಿಕೆಯಿಂದ ವಿಮೆ ಮಾಡಿಸಿದವರು ಕಂತಿಗೆ ರಿಯಾಯಿತಿ ಪಡೆಯುತ್ತಾರೆ. ವಿಮೆ ಭರಿಸದ ಮಾತ್ರೆಗೆ ಪಡೆಯುವಂತಿಲ್ಲ.

ಇನ್ನು ಬೆಲೆಯ ವಿಚಾರ. ಔಷಧ ಮಾರುಕಟ್ಟೆ ಇತರ ಮಾರುಕಟ್ಟೆಗಳಂತಲ್ಲ. ಇಲ್ಲಿ ಯಾವುದು ಬೇಕೆಂದು ನಿರ್ಧರಿಸುವವರು ವೈದ್ಯರು, ಮಾರುವವರು ಅಂಗಡಿಯವರು, ಹಣ ತೆರುವವರು ರೋಗಿಗಳು. ಕೊಳ್ಳುವವನಿಗೆ ಆಯ್ಕೆಯ ಸ್ವಾತಂತ್ರ್ಯವಾಗಲಿ, ಚೌಕಾಸಿಯ ಶಕ್ತಿಯಾಗಲಿ ಇಲ್ಲ. ಒಂದೇ ರಾಸಾಯನಿಕ ಹತ್ತಾರು ಬ್ರಾಂಡುಗಳ ಹೆಸರಿನಲ್ಲಿ ಹತ್ತಾರು ಬೆಲೆಗಳಿಗೆ ಮಾರಾಟವಾಗುವುದು ಇದರಿಂದಲೇ. ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದು ಹಾಥಿ ಸಮಿತಿ 1975ರಷ್ಟು ಹಿಂದೆಯೇ ಶಿಫಾರಸು ಮಾಡಿತ್ತು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ವೈದ್ಯರು ಔಷಧದ ಮೂಲ ಹೆಸರನ್ನೇ ಬರೆಯಬೇಕೆಂಬ ನಿಯಮಾವಳಿಯನ್ನು ಹೊರಡಿಸಿ, ವೈದ್ಯರ ಸಂಘಟನೆಗಳ ವಿರೋಧದ ನಡುವೆ ಅದೇ ತಿಂಗಳು ಅದನ್ನು ತಡೆಹಿಡಿಯಿತು. ಅರ್ಧ ಶತಮಾನ ಕಳೆದರೂ ನಾವು ನಿಂತಲ್ಲೇ ನಿಂತಿದ್ದೇವೆ.

2013ರ ಔಷಧ ಬೆಲೆ ನಿಯಂತ್ರಣ ಆದೇಶವು ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುತ್ತದೆ. 2022ರಲ್ಲಿ ಪರಿಷ್ಕೃತವಾದ ಪಟ್ಟಿಯಲ್ಲಿ 384 ಔಷಧಗಳಿದ್ದವು. ಆದರೆ ಈ ಬೆಲೆಯನ್ನು ಉತ್ಪಾದನಾ ವೆಚ್ಚದ ಆಧಾರದ ಮೇಲೆ ನಿಗದಿ ಮಾಡುವುದಿಲ್ಲ. ಮಾರುಕಟ್ಟೆಯಲ್ಲಿ ಶೇ 1ಕ್ಕೆ ಕಡಿಮೆಯಿಲ್ಲದ ಪಾಲು ಪಡೆದ ಬ್ರಾಂಡುಗಳ ಸರಾಸರಿ ಬೆಲೆಗೆ ಚಿಲ್ಲರೆ ವ್ಯಾಪಾರಿಯ ಶೇ 16ರ ಲಾಭಾಂಶವನ್ನು ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಜೊತೆಗೆ ಸಗಟು ಬೆಲೆ ಸೂಚ್ಯಂಕ ಏರಿದಂತೆ ಅದೂ ಏರುತ್ತದೆ: 2022ರ ಏಪ್ರಿಲ್‌ನಲ್ಲಿ ಶೇ 10ಕ್ಕೂ ಹೆಚ್ಚು, 2023ರಲ್ಲಿ ಶೇ 12ಕ್ಕೂ ಹೆಚ್ಚು ಏರಿಕೆಗೆ ಅನುಮತಿ ದೊರೆಯಿತು. ಪಟ್ಟಿಯ ಹೊರಗಿರುವ ಔಷಧಗಳ ಬೆಲೆಯನ್ನು ವರ್ಷಕ್ಕೆ ಶೇ 10ರವರೆಗೆ ಏರಿಸಲು ಕಂಪನಿಗಳಿಗೆ ಮುಕ್ತ ಅವಕಾಶವಿದೆ. ನಿಶ್ಚಿತ ಠೇವಣಿಯ ಬಡ್ಡಿಯನ್ನೇ ನಂಬಿದ ಹಿರಿಯರಿಗೆ ಅಷ್ಟು ವೇಗದಲ್ಲಿ ಆದಾಯ ಏರುವ ಬಗೆ ಯಾವುದಿದೆ?

ಬೆಲೆ ಇಳಿಸುವುದು ಅಸಾಧ್ಯವೇನಲ್ಲ. ಮಧುಮೇಹಕ್ಕೆ ನೀಡುವ ಎಂಪಾಗ್ಲಿಫ್ಲೋಜಿನ್ ಎಂಬ ಔಷಧದ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದೊಡನೆ ಹಲವು ಭಾರತೀಯ ಕಂಪನಿಗಳು ತಯಾರಿಕೆಗೆ ಇಳಿದವು. ಸುಮಾರು 60 ರೂಪಾಯಿಯಿದ್ದ ಮಾತ್ರೆ ಕೆಲವು ಕಂಪನಿಗಳಿಂದ 10 ರೂಪಾಯಿಯೊಳಗೆ ಸಿಗುವಂತಾಯಿತು. 2012ರಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಬಳಸುವ ಸೊರಾಫೆನಿಬ್ ಔಷಧಕ್ಕೆ ಸರ್ಕಾರ ಕಡ್ಡಾಯ ಪರವಾನಗಿ ನೀಡಿದಾಗ, ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿಯಾಗುತ್ತಿದ್ದ ವೆಚ್ಚ 8,880 ರೂಪಾಯಿಗೆ ಇಳಿಯಿತು. 2019ರ ಫೆಬ್ರುವರಿಯಲ್ಲಿ 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಾಂಶಕ್ಕೆ ಶೇ 30ರ ಮಿತಿ ಹೇರಿದಾಗಲೂ ಬೆಲೆಗಳು ಗಣನೀಯವಾಗಿ ತಗ್ಗಿದವು. ಕಾನೂನಿನ ಆಯುಧಗಳು ನಮ್ಮ ಬತ್ತಳಿಕೆಯಲ್ಲಿವೆ. ಅವುಗಳನ್ನು ಹೂಡುವ ಸಂಕಲ್ಪ ಮಾತ್ರ ವಿರಳವಾಗಿ ಕಾಣಿಸಿಕೊಳ್ಳುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಹುತೇಕ ಔಷಧಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸಮಾಧಾನಕರವಾದರೂ ಸಮಸ್ಯೆಯ ಗಾತ್ರಕ್ಕೆ ಹೋಲಿಸಿದರೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

2008ರಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆಯೊಂದಿಗೆ ಆರಂಭವಾದ ಜನೌಷಧಿ ಯೋಜನೆ 2025ರ ವೇಳೆಗೆ 15,000 ಕೇಂದ್ರಗಳನ್ನು ದಾಟಿತು. ಬ್ರಾಂಡ್ ಔಷಧಗಳಿಗಿಂತ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕೂ ತೀರಾ ಕಡಿಮೆ ಬೆಲೆಗೆ ಔಷಧ ನೀಡುವ ಈ ಕೇಂದ್ರಗಳು ಲಕ್ಷಾಂತರ ಹಿರಿಯರಿಗೆ ಆಸರೆಯಾಗಿವೆ. ಆದರೆ ಬರೆದ ಎಲ್ಲ ಔಷಧವೂ ಎಲ್ಲ ಕಾಲಕ್ಕೂ ಅಲ್ಲಿ ದೊರೆಯುವುದಿಲ್ಲ ಎಂಬುದು ಬಳಸುವವರ ಅನುಭವ. ಕರ್ನಾಟಕ ಸರ್ಕಾರವು 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ಆಸ್ಪತ್ರೆಯಲ್ಲಿಯೇ ಉಚಿತವಾಗಿ ಔಷಧ ನೀಡುವಾಗ ಮಾರಾಟ ಮಳಿಗೆ ಏಕೆ ಎಂಬುದು ಅದರ ವಾದ. ಕೇಂದ್ರಗಳನ್ನು ನಡೆಸುತ್ತಿದ್ದವರು ಹೈಕೋರ್ಟಿನ ಮೊರೆಹೊಕ್ಕರು. ತತ್ವಶಃ ಸರ್ಕಾರದ ವಾದ ಸರಿಯೇ. ಆದರೆ ಉಚಿತ ಔಷಧ ಕಪಾಟಿನಲ್ಲಿ ನಿಜವಾಗಿಯೂ ಇರುವ ದಿನ ಮಾತ್ರ ಅದು ಸರಿ. 'ದಾಸ್ತಾನಿಲ್ಲ, ಹೊರಗೆ ತೆಗೆದುಕೊಳ್ಳಿ' ಎಂಬ ಚೀಟಿ ಕೈಗೆ ಬಂದ ದಿನ ಅಗ್ಗದ ಮಳಿಗೆಯೇ ಬಡವನ ಕೊನೆಯ ಆಸರೆ.

ಕಪಾಟು ಬರಿದಾಗದಂತೆ ನೋಡಿಕೊಳ್ಳುವುದು ಹೇಗೆಂಬುದನ್ನು ನೆರೆಯ ತಮಿಳುನಾಡು ಮೂರು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದೆ. 1994ರಲ್ಲಿ ಸ್ಥಾಪಿಸಿದ ವೈದ್ಯಕೀಯ ಸೇವಾ ನಿಗಮದ ಮೂಲಕ ಇಡೀ ರಾಜ್ಯಕ್ಕೆ ಒಂದೇ ಕಡೆ ಸಗಟು ಖರೀದಿ, ಜಿಲ್ಲೆಗಳಲ್ಲಿ ಉಗ್ರಾಣ, ಪ್ರತಿ ಆಸ್ಪತ್ರೆಗೂ ಪಾಸ್‌ಪುಸ್ತಕ, ವಿತರಣೆಗೆ ಮುನ್ನ ಪ್ರಯೋಗಾಲಯದಲ್ಲಿ ಗುಣಮಟ್ಟದ ಪರೀಕ್ಷೆ – ಇಷ್ಟೇ ಅದರ ಗುಟ್ಟು. ರಾಜಸ್ಥಾನ 2011ರ ಗಾಂಧಿ ಜಯಂತಿಯಂದು ಇದೇ ಮಾದರಿಯಲ್ಲಿ ಉಚಿತ ಔಷಧ ಯೋಜನೆಯನ್ನು ಆರಂಭಿಸಿತು. 2021ರಲ್ಲಿ ತಮಿಳುನಾಡು ಇನ್ನೊಂದು ಹೆಜ್ಜೆ ಮುಂದಿಟ್ಟು, ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸತೊಡಗಿತು. ನಮ್ಮಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ 'ಗೃಹ ಆರೋಗ್ಯ' ಯೋಜನೆ ಇದೇ ದಿಕ್ಕಿನದು. ಮರುವರ್ಷ ಅದನ್ನು ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು.

ಆದರೆ ಯೋಜನೆಗೆ ಹೆಸರಿಡುವಷ್ಟು ಸುಲಭವಲ್ಲ ದಾಸ್ತಾನು ನಿರ್ವಹಣೆ. ಆಡಳಿತದ ಒಳಹೊರಗನ್ನು ಬಲ್ಲವರಿಗೆ ಔಷಧದ ಕೊರತೆಯ ಕಾರಣಗಳು ಹೊಸತಲ್ಲ. ಹಿಂದಿನ ವರ್ಷದ ಬೇಡಿಕೆ ಪಟ್ಟಿಗೆ ಒಂದಷ್ಟು ಸೇರಿಸಿ ಕಳಿಸುವ ಅಭ್ಯಾಸ, ತಿಂಗಳುಗಟ್ಟಲೆ ತೆವಳುವ ಟೆಂಡರ್, ಪೂರೈಕೆದಾರರಿಗೆ ಬಾಕಿ ಉಳಿಸಿಕೊಳ್ಳುವುದು, ಅದರ ಫಲವಾಗಿ ಒಳ್ಳೆಯ ಕಂಪನಿಗಳು ಬಿಡ್ ಮಾಡಲು ಹಿಂಜರಿಯುವುದು – ಒಂದರ ಬಾಲ ಇನ್ನೊಂದರ ಬಾಯಲ್ಲಿ. ಗುಣಮಟ್ಟದ ಪ್ರಶ್ನೆ ಇನ್ನೂ ಗಂಭೀರ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾವಿಗೀಡಾದಾಗ, ಸರ್ಕಾರಕ್ಕೆ ಸರಬರಾಜಾದ ದ್ರಾವಣದ ಮೇಲೆಯೇ ಸಂಶಯ ಎದ್ದಿತು. ಜನರಿಗೆ ನಂಬಿಕೆ ಹುಟ್ಟದಿದ್ದರೆ ಉಚಿತ ಮಾತ್ರೆಯೂ ಕಸದ ಬುಟ್ಟಿ ಸೇರುತ್ತದೆ. ಹಿರಿಯರು ಸಾಲ ಮಾಡಿಯಾದರೂ ಬ್ರಾಂಡ್ ಔಷಧವನ್ನೇ ಕೊಳ್ಳುತ್ತಾರೆ.

ಬೆಂಗಳೂರಿನ ಅನೇಕ ಕುಟುಂಬಗಳಿಗೆ ಮಕ್ಕಳ ಮೂಲಕ ಪರಿಚಿತವಾದ ಅಮೆರಿಕದ ಉದಾಹರಣೆಯನ್ನೂ ಇಲ್ಲಿ ನೋಡಬಹುದು. ಅಲ್ಲಿನ ಹಿರಿಯರ 'ಮೆಡಿಕೇರ್' ವಿಮೆಗೆ ಹೊರರೋಗಿಗಳ ಔಷಧದ ರಕ್ಷಣೆ ಸೇರಿದ್ದು 2006ರಲ್ಲಿ. ಅದೂ ನಡುವೆ ದೊಡ್ಡ ಕಂದಕವೊಂದನ್ನು ಉಳಿಸಿಕೊಂಡು. ನಿಗದಿತ ಮೊತ್ತ ದಾಟಿದೊಡನೆ ವಿಮೆ ಕೈಚೆಲ್ಲುತ್ತಿತ್ತು. 2022ರ ಕಾನೂನೊಂದು 2025ರ ಜನವರಿಯಿಂದ ಹಿರಿಯರು ತಮ್ಮ ಕೈಯಿಂದ ತೆರಬೇಕಾದ ಔಷಧ ವೆಚ್ಚಕ್ಕೆ ವರ್ಷಕ್ಕೆ 2,000 ಡಾಲರುಗಳ ಮಿತಿ ಹಾಕಿತು. ಆಯ್ದ ಔಷಧಗಳ ಬೆಲೆಯನ್ನು ಕಂಪನಿಗಳೊಡನೆ ಚೌಕಾಸಿ ಮಾಡುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಮಾರುಕಟ್ಟೆಯನ್ನು ಆರಾಧಿಸುವ ದೇಶವೂ ಕೊನೆಗೆ ಬಂದು ತಲುಪಿದ್ದು ಸರ್ಕಾರಿ ಚೌಕಾಸಿಗೆ ಎಂಬುದು ಗಮನಾರ್ಹ.

ನಮ್ಮಲ್ಲಿ ತುರ್ತಾಗಿ ಆಗಬೇಕಾದ್ದು ನಾಲ್ಕು ಕೆಲಸಗಳು. ಮೊದಲನೆಯದು, ವೃದ್ಧಾಪ್ಯದ ಸಾಮಾನ್ಯ ಕಾಯಿಲೆಗಳಿಗೆ ಬೇಕಾದ ಮೂವತ್ತು ನಲವತ್ತು ಔಷಧಗಳ ಕಿರುಪಟ್ಟಿಯನ್ನು ಸಿದ್ಧಪಡಿಸಿ, 60 ದಾಟಿದ ಪ್ರತಿಯೊಬ್ಬರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ಎರಡು ತಿಂಗಳಿಗಾಗುವಷ್ಟನ್ನು ಒಟ್ಟಿಗೆ, ಹಕ್ಕಿನ ರೂಪದಲ್ಲಿ ನೀಡಬೇಕು. ಇವುಗಳಲ್ಲಿ ಬಹುಪಾಲು ಪೇಟೆಂಟ್ ಮುಗಿದ ಹಳೆಯ ಔಷಧಗಳು. ಸಗಟಾಗಿ ಕೊಂಡರೆ ಹೊರೆ ದೊಡ್ಡದಲ್ಲ. ಎರಡನೆಯದು, ಖರೀದಿ ನಿಗಮಕ್ಕೆ ವೃತ್ತಿಪರ ಸ್ವಾಯತ್ತತೆ ಕೊಟ್ಟು, ಪ್ರತಿ ಕೇಂದ್ರದ ದಾಸ್ತಾನು ಹಾಗೂ ಪ್ರತಿ ತಂಡದ ಪರೀಕ್ಷಾ ವರದಿಯನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಮೂರನೆಯದು, ಮನೆಯಲ್ಲಿಯೇ ನುಂಗುವ ದುಬಾರಿ ಕ್ಯಾನ್ಸರ್ ಮಾತ್ರೆಗಳಂತಹ ಔಷಧಗಳಿಗೆ ಆಸ್ಪತ್ರೆಗೆ ದಾಖಲಾಗುವ ಷರತ್ತಿಲ್ಲದೆಯೇ ಆಯುಷ್ಮಾನ್ ರಕ್ಷಣೆ ದೊರೆಯಬೇಕು. ರಾಜ್ಯಗಳು ಒಟ್ಟುಗೂಡಿ ಅವುಗಳ ಬೆಲೆಯನ್ನು ಚೌಕಾಸಿ ಮಾಡಬೇಕು. ಇಲ್ಲಿ ವೆಚ್ಚ ದೊಡ್ಡದು, ಬರುವುದು ಕೆಲವರಿಗೆ ಮಾತ್ರ. ವಿಮೆಗೆ ತಕ್ಕ ಕ್ಷೇತ್ರ ಇದು. ನಾಲ್ಕನೆಯದು, ವಿಮೆ ಮಾಡಿಸಿದ ಹಿರಿಯರಿಗೂ ಔಷಧ ವೆಚ್ಚದ ಮೇಲೆ ತೆರಿಗೆ ರಿಯಾಯಿತಿ ದೊರೆಯಬೇಕು.

ಇವೆಲ್ಲ ಆಗುವವರೆಗೆ ಹಿರಿಯರೂ ಅವರ ಮಕ್ಕಳೂ ಮಾಡಬಹುದಾದದ್ದು ಕೆಲವಿದೆ. ವೈದ್ಯರ ಬಳಿ ಔಷಧದ ಮೂಲ ಹೆಸರನ್ನು ಕೇಳಿ ಬರೆಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ 'ಫಾರ್ಮಾ ಸಹಿ ದಾಮ್' ಮತ್ತು 'ಜನೌಷಧಿ ಸುಗಮ್' ಆ್ಯಪ್‌ಗಳಲ್ಲಿ ಬೆಲೆಯನ್ನು ಹೋಲಿಸಿ ನೋಡಬಹುದು. ಬೇರೆ ಬೇರೆ ತಜ್ಞರು ಬೇರೆ ಬೇರೆ ಕಾಲದಲ್ಲಿ ಬರೆದ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬ ವೈದ್ಯರಿಗೆ ತೋರಿಸಿದರೆ, ಇನ್ನು ಬೇಡವಾದ ಒಂದೆರಡು ಪತ್ತೆಯಾಗುವ ಸಾಧ್ಯತೆಯಿದೆ. ತೀರಾ ದುಬಾರಿ ಔಷಧಗಳಿಗೆ ಕೆಲವು ತಯಾರಕ ಕಂಪನಿಗಳು ರಿಯಾಯಿತಿ ಯೋಜನೆಗಳನ್ನು ಇಟ್ಟಿರುತ್ತವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಸಾಲದೆ ಹೋದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಅಗ್ಗದ ಪರ್ಯಾಯ ಎಷ್ಟೋ ಸಲ ಇರುತ್ತದೆ; ಹೇಳದೆ ಮಾತ್ರೆಯನ್ನು ಅರ್ಧಕ್ಕೆ ಮುರಿಯುವುದು ಆಯುಷ್ಯವನ್ನೇ ಮುರಿದಂತೆ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಜೇಬಿನಿಂದ ತೆರುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರ ವೇಳೆಗೆ ಶೇ 39.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಇದು ಸಾಧನೆಯೇ. ಆದರೆ ಈ ಸರಾಸರಿಯ ಹಿಂದೆ, ಆಸ್ಪತ್ರೆಯ ಮೆಟ್ಟಿಲು ಹತ್ತದೆಯೇ ತಿಂಗಳು ತಿಂಗಳು ಸವೆಯುತ್ತಿರುವ ಹಿರಿಯರು ಕಾಣುವುದಿಲ್ಲ. 2011ರ ಜನಗಣತಿಯಲ್ಲೇ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅಂದಿನಿಂದ ಅದು ಏರುತ್ತಲೇ ಇದೆ. ಅವರು ಕೇಳುತ್ತಿರುವುದು ದಾನವನ್ನಲ್ಲ. ದುಡಿಯುವ ಕಾಲದಲ್ಲಿ ಕೊಂಡ ಪ್ರತಿಯೊಂದು ವಸ್ತುವಿನ ಮೇಲೂ ತೆರಿಗೆ ತೆತ್ತವರು ಅವರು. ಬಿದ್ದ ಮೇಲೆ ಎತ್ತುವ ಕೈಗಿಂತ ಬೀಳದಂತೆ ಹಿಡಿಯುವ ಕೈ ಹೆಚ್ಚು ಅಗ್ಗ, ಹೆಚ್ಚು ಮಾನವೀಯ. ಮುಂದಿನ ಮುಂಗಡಪತ್ರದಲ್ಲಿ ಇನ್ನೊಂದು ವಿಮಾ ಯೋಜನೆಯನ್ನು ಘೋಷಿಸುವ ಮುನ್ನ ನಮ್ಮ ಹಣಕಾಸು ಸಚಿವರು ಯಾವುದಾದರೂ ಔಷಧ ಅಂಗಡಿಯ ಮುಂದೆ ಒಂದರ್ಧ ಗಂಟೆ ನಿಂತು, ಎಷ್ಟು ಮಂದಿ ಹಿರಿಯರು ಚೀಟಿ ತೋರಿಸಿ 'ಸದ್ಯಕ್ಕೆ ಹತ್ತು ದಿನಕ್ಕಾಗುವಷ್ಟು ಕೊಡಿ' ಎನ್ನುತ್ತಾರೆಂಬುದನ್ನು ಎಣಿಸಿದರೆ ಸಾಕು.